ಆರು, ನಾಲ್ಕು ಮತ್ತು ದಾನೇಶ್ವರಿ ಮೇಡಂ

ಹೂಡಿಯಲ್ಲಿ ಬೇಕರಿಯ ಮೇಲಿನ ಎರಡನೇ ಮಹಡಿಯಲ್ಲಿ ನಮ್ಮ ಕೋಚಿಂಗ್ ಸೆಂಟರ್ ಇದೆ. ಎಂಬಿಎ ಪ್ರವೇಶ ಪರೀಕ್ಷೆಗೆ ತಯಾರಿ ಮಾಡಿಸುತ್ತೇವೆ. ನಾನು ಇಂಗ್ಲಿಷ್ ಹೇಳಿಕೊಡುತ್ತೇನೆ. ಲೆಕ್ಕ ಹೇಳಿಕೊಡುತ್ತಿದ್ದವರು ದಾನೇಶ್ವರಿ ಮೇಡಂ. ಅವರ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ, ಆದರೂ ಬರೆಯುತ್ತಿದ್ದೇನೆ.

ಮೇಡಂ ದಾವಣಗೆರೆಯವರು. ಹಣೆಯಲ್ಲಿ ವಿಭೂತಿ, ಕೈತುಂಬ ಸೀಮೆಸುಣ್ಣದ ಪುಡಿ. ವೈಟ್‌ಬೋರ್ಡ್ ಬಂದ ಮೇಲೂ ಹಠ ಹಿಡಿದು ಒಂದು ಕಪ್ಪು ಹಲಗೆ ಉಳಿಸಿಕೊಂಡಿದ್ದರು. ಡೇಟಾ ಸಫಿಶಿಯೆನ್ಸಿ ಲೆಕ್ಕಗಳೆಂದರೆ ಅವರಿಗೆ ಪ್ರಾಣ. ಒಂದು ಪ್ರಶ್ನೆ, ಕೆಳಗೆ ಎರಡು ಹೇಳಿಕೆ. ಉತ್ತರ ಹೇಳಲು ಆ ಹೇಳಿಕೆಗಳು ಸಾಕೋ ಸಾಲವೋ ಎಂದಷ್ಟೇ ತೀರ್ಮಾನಿಸಬೇಕು.

"ಮೊದ್ಲು ಒಂದು ಸಣ್ಣ ಸಂಖ್ಯೆ ಹಾಕಿ ನೋಡ್ರಪ್ಪಾ, ಸುಳ್ಳು ತಾನಾಗೇ ಹೊರಗೆ ಬರುತ್ತೆ" ಎನ್ನುತ್ತಿದ್ದರು.

ನಮ್ಮ ಮಾಲೀಕ ಅಮರೇಶನ ದಾರಿ ಬೇರೆ. ಆತ ಲೆಕ್ಕ ಮಾಡುವವನಲ್ಲ, ಲೆಕ್ಕದ ವಿಡಿಯೊ ಮಾಡುವವನು. 'ಹತ್ತು ಸೆಕೆಂಡಿನ ಸೂತ್ರ' ಎಂದು ಸೂಟು ಹಾಕಿಕೊಂಡು ನಿಂತು, ಎರಡು ಸಂಖ್ಯೆ ಕೊಟ್ಟರೆ ಗುಣಿಸಿ ಉತ್ತರ ಗುರುತು ಹಾಕಿ ಎಂದು ಬೋಧಿಸುತ್ತಾನೆ. ನೋಡಿದರೆ ವಾಕರಿಕೆ ಬರುತ್ತದೆ.

ಈ ವರ್ಷ ಒಂದು ಉಚಿತ ಸೀಟಿಗೆ ಪರೀಕ್ಷೆ ಇಟ್ಟೆವು. ಅತಿ ಹೆಚ್ಚು ಅಂಕ ಬಂದವರಿಗೆ ವರ್ಷವಿಡೀ ಪಾಠ ಪುಕ್ಕಟೆ. ಕಾಡುಗೋಡಿಯ ಬಾಡಿಗೆ ರೂಮಿನಿಂದ ನೀಲಾಂಬಿಕಾ ಎಂಬ ಹುಡುಗಿ ಬಂದಿದ್ದಳು. ಯಾದಗಿರಿ ಕಡೆಯವಳು, ವೈರ್ ಜೋಡಿಸುವ ಕಾರ್ಖಾನೆಯಲ್ಲಿ ಕೆಲಸ. ನಾಲ್ಕು ಭಾನುವಾರ ಮೇಡಂ ನಡೆಸಿದ ಉಚಿತ ತರಗತಿಗೆ ಶಿಫ್ಟ್ ಮುಗಿಸಿ ನೇರವಾಗಿ ಬರುತ್ತಿದ್ದಳು. ಈ ಸೀಟು ತಪ್ಪಿದರೆ ಅವಳಿಗೆ ಬೇರೆ ದಾರಿಯಿರಲಿಲ್ಲ.

ಪರೀಕ್ಷೆಯಲ್ಲಿ ಒಂದು ಪ್ರಶ್ನೆ: ಒಂದು ಸಂಖ್ಯೆ ಇಪ್ಪತ್ನಾಲ್ಕರಿಂದ ಭಾಗವಾಗುತ್ತದೆಯೇ? ಹೇಳಿಕೆ ಒಂದು, ಅದು ಆರರಿಂದ ಭಾಗವಾಗುತ್ತದೆ. ಹೇಳಿಕೆ ಎರಡು, ಅದು ನಾಲ್ಕರಿಂದ ಭಾಗವಾಗುತ್ತದೆ. ಆರ್ನಾಲ್ಕಲಿ ಇಪ್ಪತ್ನಾಲ್ಕು, ಆದ್ದರಿಂದ ಎರಡೂ ಸೇರಿದರೆ ಸಾಕು ಎಂದು ಅಮರೇಶ್ ಕೀ ಉತ್ತರ ಬರೆದಿದ್ದ. ನೀಲಾಂಬಿಕಾ ಒಬ್ಬಳೇ ಎರಡೂ ಸೇರಿದರೂ ಸಾಲದು ಎಂದಿದ್ದಳು. ಆ ಒಂದು ಅಂಕ ಹೋಗಿ ಸಿದ್ಧಾರ್ಥ್ ಎಂಬ ಹುಡುಗ ಮುಂದೆ ಬಂದ. ಅವನಪ್ಪ ಎದುರಿನ ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷ.

ಮೇಡಂ ಪೇಪರ್ ಹಿಡಿದು ಅಮರೇಶನ ಕ್ಯಾಬಿನ್ನಿಗೆ ನುಗ್ಗಿದರು. ನಾನೂ ಅಲ್ಲೇ ಇದ್ದೆ.

"ಹನ್ನೆರಡು ತಗೊಳ್ರಿ. ಆರರಿಂದ ಹೋಗುತ್ತೆ, ನಾಲ್ಕರಿಂದ ಹೋಗುತ್ತೆ. ಇಪ್ಪತ್ನಾಲ್ಕರಿಂದ ಹೋಗುತ್ತೇನ್ರಿ? ಆರರಲ್ಲೂ ನಾಲ್ಕರಲ್ಲೂ ಎರಡು ಅಡಗಿದೆ. ಗುಣಿಸಿದ್ರೆ ಒಂದನ್ನೇ ಎರಡ್ಸಲ ಎಣಿಸಿದ ಹಾಗೆ."

ಅಮರೇಶ್ ಪೇಪರನ್ನು ಎರಡು ನಿಮಿಷ ದಿಟ್ಟಿಸಿದ. ಅರ್ಥವಾಯಿತೆಂದು ಅವನ ಮುಖವೇ ಹೇಳಿತು.

"ಮೇಡಂ, ಇದೇ ಲೆಕ್ಕ ನನ್ನ ವಿಡಿಯೋಲಿದೆ, ಎರಡು ಲಕ್ಷ ಜನ ನೋಡಿದ್ದಾರೆ. ಒಂದು ಹುಡುಗೀಗೋಸ್ಕರ ನಾನು ತಪ್ಪು ಅಂತ ಹೇಳ್ಲಾ? ಕೀ ಸರಿಯಿದೆ ಅಂತ ಇಬ್ರೂ ಸೈನ್ ಮಾಡಿ, ಮುಗಿಸೋಣ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನನ್ನು ಸಹಿಸಬಹುದು. ನಾಲ್ಕು ಕಾಲು ಎಣಿಸಿದ ಮೇಲೂ ಮೂರಕ್ಕೆ ಸಹಿ ಹಾಕಿಸುವವನನ್ನು ಏನೆಂದು ಕರೆಯಬೇಕೋ ಗೊತ್ತಿಲ್ಲ. ಮೇಡಂ ಪೆನ್ನು ಮುಟ್ಟಲಿಲ್ಲ. "ಹನ್ನೊಂದು ವರ್ಷ ಇಲ್ಲಿ ದುಡಿದಿದ್ದು ಅಸಹ್ಯ ಆಗ್ತಿದೆ ಕಣ್ರೀ" ಎಂದು ಬ್ಯಾಗ್ ತೆಗೆದುಕೊಂಡು ಇಳಿದು ಹೋದರು. ಹೋಗುವಾಗ ನನ್ನ ಕಡೆ ಒಮ್ಮೆ ನೋಡಿದರು. ನಾನು ಕೋಲೆಬಸವನ ಹಾಗೆ ತಲೆಯಾಡಿಸಿ ಸಹಿ ಹಾಕಿದೆ. ಫಲಿತಾಂಶ ತಿಳಿಸುವ ಕೆಲಸವೂ ನನಗೇ ಬಂತು.

ಫೋನಿನಲ್ಲಿ ನೀಲಾಂಬಿಕಾ ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

"ಸಾರ್, ನಾ ಹನ್ನೆರಡು ಹಾಕಿ ನೋಡಿದ್ನಲ್ರೀ. ಮೇಡಂ ಹಂಗ ಮಾಡಂದಿದ್ರು."

"ಕೀ ಸರಿಯಿದೆಯಮ್ಮ" ಎಂದೆ.

ಆ ಕಡೆಯ ಯಂತ್ರಗಳ ಸದ್ದಿನ ನಡುವೆ ಮೆಲ್ಲಗೆ ಕೇಳಿದಳು: "ಹಂಗಾದ್ರ ಮೇಡಂ ನಮಗ ತಪ್ಪು ಹೇಳಿಕೊಟ್ರೇನ್ರೀ ಸಾರ್?"

"ಹೂಂನಮ್ಮ" ಎಂದೆ.