ಗೋಡೆ ಕಟ್ಟಿದವರ ಅಧ್ಯಾಯ

ಇಂದು ಬೆಳಿಗ್ಗೆ ಮನೆಯ ದೊಡ್ಡ ಸತ್ಯವೇದ ತೆರೆದರೆ ಒಳಗಿಂದ ರವದಿಯ, ಅಂದರೆ ಕಬ್ಬಿನ ಒಣ ಗರಿಯ, ಚೂರೊಂದು ತೊಡೆಯ ಮೇಲೆ ಬಿತ್ತು. ಗುರುತಿಗೆಂದು ಅವ್ವ ಇಟ್ಟದ್ದು. ರೇಷ್ಮೆ ದಾರದ ಗುರುತು ನಮ್ಮಲ್ಲಿ ಎಲ್ಲಿಂದ ಬರಬೇಕು ಹೇಳಿ. ಉಗಾರ ಬುದ್ರುಕದ ಹೊಲಗಳಲ್ಲಿ ಕಬ್ಬು ಕಡಿಯಲು ಹೋಗುತ್ತಿದ್ದ ಮನೆ ನಮ್ಮದು.

ಆ ಮನೆಯ ಮೊದಲ ಪದವೀಧರೆ ನಾನು. ಕೇಳದವರಿಗೂ ಇದನ್ನು ಹೇಳುತ್ತೇನೆ. ನಮ್ಮ ಪುಟ್ಟ ಸಭೆಯಲ್ಲಿ ಹಾಡು ಮರಾಠಿಯಲ್ಲೂ ನಡೆಯುತ್ತದೆ, ವೇದಪಾಠ ಮಾತ್ರ ಕನ್ನಡದಲ್ಲಿ. ಬಿ.ಎ. ಮುಗಿಸಿದ ವರ್ಷ ಅದನ್ನು ಓದುವ ಸರದಿ ನನ್ನ ಪಾಲಾಯಿತು. ಆ ಗತ್ತಿನಲ್ಲೇ ಅವ್ವನಿಗೂ ಅಕ್ಷರ ಕಲಿಸತೊಡಗಿದೆ.

ಕಬ್ಬು ಕಡಿಯುವ ಕೊಯ್ತಾ ಹಿಡಿದು ಬಿರುಸಾದ ಅವಳ ಬೆರಳು ಸಾಲಿನ ಕೆಳಗೆ ಸರಿಯುತ್ತಿತ್ತು. ಕೆಲವೇ ತಿಂಗಳಲ್ಲಿ ಅವ್ವ ಕೀರ್ತನೆಗಳನ್ನು ಸರಾಗವಾಗಿ ಓದಿದಳು. ನನಗೆ ಗುಮಾನಿ. ನಲವತ್ತು ವರ್ಷ ಕೇಳಿ ಬಾಯಿಪಾಠವಾದದ್ದನ್ನು ಇವಳು ಓದುತ್ತಿದ್ದಾಳೋ, ಒಪ್ಪಿಸುತ್ತಿದ್ದಾಳೋ? ಒಂದು ದಿನ ಮನೆಯ ಪ್ರಾರ್ಥನೆಯಲ್ಲಿ ಬಯಲಾಯಿತು: ಬೆರಳು ಮೂರನೇ ಸಾಲಿನಲ್ಲಿ, ಬಾಯಿ ಐದನೇ ಸಾಲಿನಲ್ಲಿ!

ಪಕ್ಕದಲ್ಲೇ ಕೂತಿದ್ದ ಸಭೆಯ ಹಿರಿಯರು, ಯೋಹಾನ ಕಾಕಾ, ನಕ್ಕರು. "ವೈನಿ, ಇದು ಓದೂದಲ್ರಿ. ಗಿಳಿ ಹೇಳಿದಂಗ ಹೇಳಾಕತ್ತೀರಿ."

ಅವ್ವನ ಮುಖ ಬಿಗಿಯಿತು. "ಬರೂ ರವಿವಾರ ಪಾಠ ನಾ ಓದ್ತೀನ್ರಿ. ಯಾರೂ ಓದಲಾರದ ಅಧ್ಯಾಯ ಓದ್ತೀನಿ."

ಯಾರೂ ಓದದ ಅಧ್ಯಾಯವೆಂದರೆ, ಹಾಳುಬಿದ್ದ ಪಟ್ಟಣದ ಗೋಡೆಯನ್ನು ಮತ್ತೆ ಕಟ್ಟಿದವರ ಪಟ್ಟಿ. ಉದ್ದಕ್ಕೂ ನಾಲಿಗೆ ತೊಡರುವ ಹೆಸರುಗಳು. ಪಾಸ್ಟರರೇ ಅದನ್ನು ದಾಟಿ ಮುಂದೆ ಹೋಗುತ್ತಿದ್ದರು. ಅವ್ವ ಅದನ್ನು ಕೇಳಿ ಕಲಿತಿರುವ ಮಾತೇ ಇರಲಿಲ್ಲ.

"ಯವ್ವಾ, ಅದು ನನಗೂ ಬರೂದಿಲ್ಲ," ಎಂದೆ.

"ನಿನಗ ಬರಲಿಲ್ಲಂದ್ರ ನನಗ್ಯಾಕ ಬರಬಾರದ, ಡಿಗ್ರಿ ಬಾಯಿ?"

ರವಿವಾರ ಅವ್ವ ತಲೆಯ ಮೇಲೆ ಸೆರಗೆಳೆದುಕೊಂಡು ನಿಂತಳು. ಒಂದೊಂದೇ ಅಕ್ಷರ. ಚಾಪೆಯ ಮೇಲಿದ್ದ ಹುಡುಗಿಯರು ಕಿಸಕ್ಕೆಂದರು. ಬರಬರುತ್ತ ನಗು ನಿಂತಿತು. ಅಕ್ಕಸಾಲಿಗ ಕಟ್ಟಿದ, ಸುಗಂಧದವನು ಕಟ್ಟಿದ, ಒಬ್ಬನು ತನ್ನ ಹೆಣ್ಣುಮಕ್ಕಳ ಜೊತೆ ಕಟ್ಟಿದ. ಒಂದು ಹೆಸರಿನ ಕೆಳಗೆ ಬೆರಳು ನಿಂತುಬಿಟ್ಟಿತು. ಹೇಳಿಕೊಡಲು ಅರ್ಧ ಎದ್ದೆ. ಆ ಹೆಸರು ನನಗೂ ಗೊತ್ತಿರಲಿಲ್ಲ, ತೆಪ್ಪಗೆ ಕೂತೆ. ಅವ್ವ ಕಬ್ಬನ್ನು ಗಣ್ಣು ಗಣ್ಣಾಗಿ ಮುರಿದಂತೆ ಅದನ್ನು ಮುರಿದು ಮುರಿದು ಓದಿ, ಮತ್ತೆ ಕೂಡಿಸಿ ಒಂದೇ ಉಸಿರಿಗೆ ಹೇಳಿದಳು.

ಮುಗಿಯುವಾಗ ಪಾಸ್ಟರರ ಪ್ರಸಂಗಕ್ಕೆ ಹೊತ್ತೇ ಉಳಿದಿರಲಿಲ್ಲ. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ "ಆಮೆನ್" ಎಂದವರು ಯೋಹಾನ ಕಾಕಾ. "ತಪ್ಪಾತ್ರಿ ವೈನಿ. ಈ ಹೆಸರು ಯಾ ಗಿಳಿಗೂ ಬರೂದಿಲ್ಲ!"

ಮನೆಗೆ ನಡೆಯುವಾಗ ಕೇಳಿದೆ, ಇಷ್ಟು ಅಧ್ಯಾಯಗಳಲ್ಲಿ ಅದನ್ನೇ ಯಾಕೆ ಹಿಡಿದೆ ಎಂದು.

"ದುಡದವ್ರ ಹೆಸರ ಒಂದೂ ಬಿಡಲಾರದ ಬರದಾರ ನೋಡ. ನಾವು ಓದಲಾರದ ದಾಟಿಸಿದ್ರ ಹೆಂಗ?"

ರವದಿ ಬಿದ್ದದ್ದು ಅದೇ ಪುಟದಿಂದ. ಇಂದು ನಾನೂ ಗಟ್ಟಿಯಾಗಿ ಓದಿದೆ, ಸರಸರ, ಪದವೀಧರೆಯ ಠೀವಿಯಲ್ಲಿ. ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ಅಂವನ ಹೆಣ್ಣಮಕ್ಕಳನ್ನ ಬಿಟ್ಟಿ ನೋಡ ಬೇ. ಹೊಳ್ಳಿ ಓದ."

ನೋಡಿದೆ. ಬಿಟ್ಟಿದ್ದೆ. ಸಾಲಿನ ಕೆಳಗೆ ಬೆರಳಿಟ್ಟು, ಮೊದಲಿಂದ ಶುರು ಮಾಡಿದೆ.