ಶನಿವಾರದವರೆಗೆ ಉಳಿಯಬೇಕಿದ್ದ ಹಲ್ಲು

ನನ್ನ ಸಿಟ್ಟು ತೆಲುಗು ಸೀಮೆಯ ನಾಚಾರಂನಲ್ಲಿ ನಮ್ಮ ಓಣಿಗೆಲ್ಲ ಗೊತ್ತಿತ್ತು. ಆದರೂ ಬೆಳಗಾದರೆ ಸಾಕು, ನಮ್ಮ ಎರಡು ಕೋಣೆಯ ಮನೆಗೆ ಒಂಬತ್ತು ಮಕ್ಕಳನ್ನು ತಂದು ಬಿಟ್ಟು ಹೋಗುತ್ತಿದ್ದರು. ಊರಿನ ಆ ತುದಿಯಲ್ಲಿ ಸಾಫ್ಟ್‌ವೇರ್ ಕಂಪನಿಗಳು ಒಂದರ ಹಿಂದೊಂದು ಎದ್ದ ವರ್ಷಗಳವು. ಗಂಡ ಹೆಂಡತಿ ಇಬ್ಬರೂ ಏಳು ಗಂಟೆಗೇ ಕಂಪನಿ ಗಾಡಿ ಹತ್ತಿದರೆ ಮಕ್ಕಳನ್ನು ನೋಡಬೇಕಾದವರು ಯಾರು? ನಾನು. ಬಾಗಿಲ ಮೇಲಿನ ಬೋರ್ಡಿನಲ್ಲಿ ‘ಬೇಬಿ ಕೇರ್’ ಎಂದಿತ್ತು, ನನ್ನ ಗಂಡ ಮಾತ್ರ ಅದನ್ನು ದೊಡ್ಡಿ ಎನ್ನುತ್ತಿದ್ದರು. ಮಕ್ಕಳೆಲ್ಲ ನನ್ನನ್ನು ಮೌಶಿ ಎಂದು ಕರೆಯುತ್ತಿದ್ದವು, ನಮ್ಮ ಕಡೆ ಚಿಕ್ಕಮ್ಮನಿಗೆ ಹಾಗೆನ್ನುತ್ತಾರೆ. ಅದೇ ನನ್ನ ಹೆಸರೆಂದು ತೆಲುಗು ಮಕ್ಕಳು ನಂಬಿದ್ದವು.

ಅವರಲ್ಲೊಬ್ಬಳು ರಾಯಚೂರು ಕಡೆಯವರ ಮಗಳು. ಎಂಟು ತಿಂಗಳ ಕೂಸಾಗಿದ್ದಾಗ ಬಂದವಳಿಗೆ ಈಗ ಆರು ವರ್ಷ. ಅವಳು ಮೊದಲ ಹೆಜ್ಜೆ ಇಟ್ಟದ್ದು ನಮ್ಮ ಗ್ಯಾಸ್ ಸಿಲಿಂಡರ್ ಹಿಡಿದುಕೊಂಡು. ಮೊದಲ ಮಾತೂ ನಮ್ಮ ಅಡುಗೆಮನೆಯಲ್ಲೇ ಆಯಿತು. ಅವಳ ತಾಯಿಗೆ ಎರಡನ್ನೂ ಫೋನಿನಲ್ಲಿ ಹೇಳಿದ್ದೆ. ಆಕೆ ನಕ್ಕಳೋ ಅತ್ತಳೋ ಫೋನಿನಲ್ಲಿ ತಿಳಿಯಲಿಲ್ಲ.

ಬೇಸಿಗೆ ರಜೆಯ ಒಂದು ಸೋಮವಾರ ಹುಡುಗಿ ಬಾಯಿ ತೆರೆದುಕೊಂಡೇ ಒಳಗೆ ಬಂದಳು.

“ಮೌಶಿ, ನೋಡ್ರಿಲ್ಲೆ. ನಾಲಿಗಿಲೆ ದೂಡಿದ್ರ ಟಾಟಾ ಮಾಡತೈತಿ.”

ಕೆಳಗಿನ ಮುಂದಿನ ಹಲ್ಲು ನಿಜವಾಗಿಯೂ ಟಾಟಾ ಮಾಡುತ್ತಿತ್ತು. ಹಿಂದೆಯೇ ನಿಂತಿದ್ದ ತಾಯಿ ದನಿ ತಗ್ಗಿಸಿ, “ಅಕ್ಕಾರ, ನಂದೊಂದು ಮಾತು ನಡಸ್ರಿ. ಶುಕ್ರವಾರ ಕೆಲಸ ಮುಗಿಸಿ ಕೊಡಬೇಕು, ಉಸಿರಾಡಾಕೂ ಪುರಸೊತ್ತಿಲ್ಲ, ರಾತ್ರಿ ನಾ ಮನಿ ಮುಟ್ಟೂದರಾಗ ಇಕಿ ಮಲಗಿರ್ತಾಳ. ಶನಿವಾರ ಮಧ್ಯಾಹ್ನ ಬಂದುಬಿಡ್ತೀನಿ. ಅಲ್ಲೀತನಕ ಈ ಹಲ್ಲು ಬೀಳದಂಗ ನೋಡ್ಕೋರಿ. ಇದೊಂದಾದ್ರೂ ನನ್ನ ಕಣ್ಣ ಮುಂದ ಆಗ್ಲಿ,” ಎಂದಳು.

“ಹಲ್ಲಿಗೆ ನಾ ಏನ್ ಬೀಗಾ ಹಾಕ್ಲೇನವಾ?” ಎಂದೆ. ಆಮೇಲೆ ಆಕೆಯ ಮುಖ ನೋಡಿ, “ಆತ್ ಹೋಗು, ನೋಡೂಣು,” ಎಂದುಬಿಟ್ಟೆ.

ಒಪ್ಪಿಕೊಂಡದ್ದೇ ತಪ್ಪಾಯಿತು. ಚಕ್ಕುಲಿ, ಪೇರಲಹಣ್ಣು, ಶೇಂಗಾ ಚಿಕ್ಕಿ ಎಲ್ಲವೂ ಅಂದಿನಿಂದಲೇ ಬಂದ್. ಒಬ್ಬಳಿಗೇ ಖಿಚಡಿ ಕೊಟ್ಟರೆ ಅವಳು ಸುಮ್ಮನಿರುವವಳಲ್ಲ, ಹಾಗಾಗಿ ಒಂಬತ್ತೂ ಮಕ್ಕಳು ವಾರವಿಡೀ ಖಿಚಡಿ ತಿಂದವು. ಊಟಕ್ಕೆ ಬಂದ ನನ್ನ ಗಂಡ ಬುಧವಾರ ತಟ್ಟೆ ನೋಡಿ, “ನನ್ನ ಹಲ್ಲೂ ಅಲುಗಾಡಾಕತ್ತಾವೇನು?” ಎಂದು ಕೇಳಿದರು. ನಾನು ಇನ್ನೊಂದು ಸೌಟು ಬಡಿಸಿದೆ.

ನಮ್ಮ ದೊಡ್ಡಿಯಲ್ಲಿ ಏಳು ವರ್ಷದ ಇನ್ನೊಬ್ಬಳಿದ್ದಳು. ಆಗಲೇ ನಾಲ್ಕು ಹಲ್ಲು ಕಳೆದುಕೊಂಡಿದ್ದ ಅವಳು ಈ ವಿಷಯದಲ್ಲಿ ಎಲ್ಲರಿಗೂ ಗುರು. ಮಂಗಳವಾರವೇ ಅವಳು ಬಾಗಿಲ ಚಿಲಕಕ್ಕೆ ಕರಿ ದಾರ ಕಟ್ಟಿ ತಯಾರಾಗಿದ್ದಳು. ಇನ್ನೊಂದು ತುದಿ ಹಲ್ಲಿಗೆ ಬೀಳುವಷ್ಟರಲ್ಲಿ ನಾನು ಒಗೆದ ಬಟ್ಟೆ ಬಿಸಾಕಿ ಓಡಿದೆ. ಮನೆಯಲ್ಲಿದ್ದ ದಾರವನ್ನೆಲ್ಲ ಕಪಾಟಿಗೆ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಗಿಸಿಕೊಂಡೆ. ಗುರುವಾರ ಹುಡುಗಿ ಸೀನಿದಳು. ಅವಳ ಗದ್ದದ ಕೆಳಗೆ ಕೈ ಒಡ್ಡಿ ನಿಂತ ನನ್ನನ್ನು ನೋಡಿ ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕವು. “ನಗಬ್ಯಾಡ್ರಿ, ಹಲ್ಲು ಬೀಳತೈತಿ” ಎಂದು ಗದರಿದೆ. ಆಮೇಲಂತೂ ನಗು ನಿಲ್ಲಲೇ ಇಲ್ಲ, ನನಗೂ ನಗು ತಡೆಯಲಾಗಲಿಲ್ಲ.

ಅಂತೂ ಶನಿವಾರ ಬಂತು. ಹಲ್ಲು ಒಂದೇ ಎಳೆಯ ಮೇಲೆ ವಾರೆಯಾಗಿ ನೇತಾಡುತ್ತಿತ್ತು. ಹನ್ನೆರಡೂವರೆಗೆ ತಾಯಿ ಆಫೀಸಿನಿಂದ ನೇರ ಬಂದಳು. ಕೊರಳಲ್ಲಿ ಗುರುತಿನ ಚೀಟಿ ಹಾಗೇ ಇತ್ತು. ಕೈ ತೊಳೆದುಕೊಂಡು ಚಾಪೆಯ ಮೇಲೆ ಕುಳಿತಳು. ಮಕ್ಕಳು ಸುತ್ತ ನಿಂತವು.

“ಬಾ ಬಂಗಾರಾ, ಬಾಯಿ ತಗಿ.”

ಹುಡುಗಿ ನನ್ನ ಹಿಂದೆ ಸರಿದು ಸೆರಗು ಹಿಡಿದುಕೊಂಡಳು. “ನೀ ಬ್ಯಾಡ ಮಮ್ಮಿ. ಮೌಶಿ ತಗೀಲಿ.”

“ನಾ ಮೆತ್ತಗ ತಗೀತೀನವಾ.”

“ನಿನಗ ಬರೂದಿಲ್ಲ. ಮೌಶಿಗೆ ಎಲ್ಲಾ ಬರತೈತಿ.”

ಸುಳ್ಳೇಕೆ ಹೇಳಲಿ, ನನ್ನ ಎದೆ ಉಬ್ಬಿತು. ಹೆತ್ತವಳ ಎದುರಿಗೇ ಒಂದು ಮಗು ನನ್ನನ್ನು ಬೇಕೆಂದಿತ್ತು. ಆ ಸಂತೋಷ ಇನ್ನೂ ಮುಖಕ್ಕೆ ಬಂದಿರಲಿಲ್ಲ, ಅಷ್ಟರಲ್ಲಿ ತಾಯಿಯನ್ನು ನೋಡಿದೆ. ಆಗಲೇ ಒಣಗಿದ ಕೈಗಳನ್ನು ಆಕೆ ದುಪಟ್ಟಾಕ್ಕೆ ಒರೆಸುತ್ತಲೇ ಇದ್ದಳು. “ನೀವ ತಗೀರಿ ಅಕ್ಕಾರ, ಇರ್ಲಿ,” ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಇದಕ್ಕೇನು ನಾನು ಆರು ದಿನ ಖಿಚಡಿ ಬೇಯಿಸಿದ್ದು?

“ನನ್ನ ಹೊಟ್ಟಿ ಕೆಟ್ಟೈತಿ,” ಎಂದವಳೇ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡೆ.

ಒಂಬತ್ತೂ ಮಕ್ಕಳು ಬಾಗಿಲಿಗೆ ಬಂದವು. ಕನ್ನಡದಲ್ಲಿ ಕೆಲವು, ತೆಲುಗಿನಲ್ಲಿ ಕೆಲವು ನನ್ನ ಹೊಟ್ಟೆಯ ಯೋಗಕ್ಷೇಮ ವಿಚಾರಿಸಿದವು.

“ಮೌಶಿ, ಆತೇನ್ರಿ?” ಇದು ಅವಳ ದನಿ.

“ಇಲ್ಲವಾ. ಭಾಳ ಹೊತ್ತಾಗತೈತಿ.”

“ಅಷ್ಟರಾಗ ನಾ ಹಲ್ಲು ನುಂಗಿಬಿಟ್ರ?”

“ಹೊಟ್ಟ್ಯಾಗ ಹಲ್ಲಿನ ಗಿಡಾ ಬೆಳೀತೈತಿ. ಲಗೂನ ನಿಮ್ಮ ಮಮ್ಮಿ ಕಡೆ ಹೋಗು.”

ಪುಟ್ಟ ಹೆಜ್ಜೆಗಳು ಓಡಿದವು. ನಲ್ಲಿ ಸುರಿಯುತ್ತಿತ್ತು, ಕೇಳಿಸಲೆಂದು ನಿಲ್ಲಿಸಿದೆ. ನನ್ನ ಮನೆ ಅಷ್ಟು ಸುಮ್ಮನಿದ್ದದ್ದನ್ನು ನಾನು ಕಂಡೇ ಇರಲಿಲ್ಲ. ತಾಯಿ ಒಂದು, ಎರಡು ಎಂದು ಎಣಿಸಿದಳು. ಮೂರು ಎನ್ನುವ ಮೊದಲೇ ಮಕ್ಕಳೆಲ್ಲ ಹೋ ಎಂದು ಕೂಗಿದವು.

ಆ ಗದ್ದಲದ ನಡುವೆ ಹುಡುಗಿಯ ಮಾತು ಕೇಳಿಸಿತು. “ಮಮ್ಮಿ, ನಿನಗ ಬರತೈತಲ್ಲ.”

ನನಗೆ ಅಳು ಬಂತು. ಖುಷಿ ಮುಕ್ಕಾಲು ಪಾಲು, ಹೊಟ್ಟೆಕಿಚ್ಚು ಕಾಲು ಪಾಲು. ಮುಖ ತೊಳೆಯುತ್ತಿದ್ದಾಗ ಅವಳು ಬಂದು ಬಾಗಿಲು ಬಡಿದಳು.

“ಮೌಶಿ, ಹೊರಗ ಬರ್ರಿ. ಹಲ್ಲು ಬಂತು, ನೋಡಬರ್ರಿ.”

“ಇನ್ನೂ ಆಗಿಲ್ಲವಾ,” ಎಂದೆ. “ಅಲ್ಲೀತನಕ ನಿಮ್ಮ ಮಮ್ಮೀಗೆ ತೋರಿಸ್ತಿರು.”