ಅವ್ವನ ಹೆಸರಿನ ಮುಂದೆ ಬರೆಸಿದ ಸೊನ್ನೆ

ನನ್ನ ಅವ್ವ ಏನೂ ದುಡಿಯುವುದಿಲ್ಲ ಎಂದು ನಾನು ಬರೆಸಿದ್ದೆ. ಕಾಲೇಜಿನ ಶುಲ್ಕ ವಿನಾಯಿತಿಯ ಅರ್ಜಿಯಲ್ಲಿ, ನನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಗೊತ್ತಿದ್ದೂ ಗೊತ್ತಿದ್ದೂ. ಆಮೇಲೆ ತಿದ್ದಿಸಿದೆ, ನಿಜ. ಆದರೆ ಅವಳಿಗೆ ಹೇಳಲಿಲ್ಲ — ಹನ್ನೊಂದು ವರ್ಷ.

ಅಪ್ಪ ಕಾಶಿಯ ಒಂದು ಕನ್ನಡ ಮಠದಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದರು. ಅವ್ವ ಬಂಗಾಲಿ ಟೋಲಾ ಎಂಬ ಓಣಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಜೋಳದ ರೊಟ್ಟಿ ಬಡಿದು, ಊರ ಕಡೆಯಿಂದ ಬಂದು ಇಲ್ಲೇ ಉಳಿದ ಅಜ್ಜಿಯರಿಗೆ, ಯಾತ್ರಿಕರಿಗೆ ಊಟ ಕಳಿಸುತ್ತಿದ್ದಳು. ಮನೆ ನಡೆಯುತ್ತಿದ್ದದ್ದು ಹೆಚ್ಚಾಗಿ ಅವಳ ರೊಟ್ಟಿಯಿಂದಲೇ.

ಕಾಶಿಯದೇ ಲಂಕಾ ಬಡಾವಣೆಯ ಸೈಬರ್ ಅಂಗಡಿಯವನು ಅರ್ಜಿ ತುಂಬುತ್ತ, "ಮಮ್ಮೀ ಕ್ಯಾ ಕರ್ತೀ ಹೈ?" ಅಮ್ಮ ಏನು ಕೆಲಸ ಮಾಡುತ್ತಾರೆ ಎಂದು ಕೇಳಿದ.

"ಕುಛ್ ನಹೀ," ಏನೂ ಇಲ್ಲ ಎಂದೆ.

ಆದಾಯದ ಜಾಗದಲ್ಲಿ ಸೊನ್ನೆ ಬಿತ್ತು. ಪೂರ್ತಿ ವಿನಾಯಿತಿ ಸಿಗಲೆಂಬ ಆಸೆ — ಅದೊಂದೇ ಅಲ್ಲ. ಹಿಂದೆ ಸಹಪಾಠಿಗಳು ನಿಂತಿದ್ದರು. ರೊಟ್ಟಿ ಮಾರುವವಳ ಮಗಳು ಎಂದು ಅವರ ಮುಂದೆ ಹೇಳಲು ನಾಲಿಗೆ ಏಳಲಿಲ್ಲ.

ವಿನಾಯಿತಿ ಸಿಕ್ಕಿತು. ಮಂಜೂರಾದ ಅರ್ಜಿಯ ಪ್ರತಿಯನ್ನು ಮನೆಗೆ ತಂದಾಗ ಅವ್ವ ಹಿಟ್ಟಿನ ಕೈ ಒರೆಸಿಕೊಂಡು ಬಂದಳು. ಅವಳಿಗೆ ಹಿಂದಿ ಓದಲು ಬಾರದು.

"ನನ್ನ ಹೆಸರ ಎಲ್ಲೈತಿ? ಮುಂದ ಏನ ಬರದಾರ?"

"ಅಡಗಿ ಕೆಲಸ ಅಂತ."

"ಹೌದೇನು! ಕಾಲೇಜಿನ ಕಾಗದದಾಗ ನನ್ನ ಕೆಲಸಾನೂ ಬರದಾರ?" ಎಂದು ನಕ್ಕಳು. ಪಕ್ಕದ ಮನೆಯ ಅಜ್ಜಿಯನ್ನು ಕರೆದು ತೋರಿಸಿದಳು.

ಆ ನಗು — ಅದನ್ನು ನೋಡಿಯೂ ಸುಮ್ಮನಿರಲಾಗಲಿಲ್ಲ. ವಾರದೊಳಗೆ ಕಾಲೇಜಿನ ಕಚೇರಿಗೆ ಹೋದೆ. ಗುಮಾಸ್ತ ನನ್ನನ್ನೇ ನೋಡಿದ: ಆದಾಯ ಕಡಿಮೆ ಮಾಡಿಸಲು ಬರುತ್ತಾರೆ, ಹೆಚ್ಚು ಮಾಡಿಸಲು ಯಾರೂ ಬಂದಿಲ್ಲವಂತೆ. ಒಳಗಿದ್ದ ಮೇಡಂ ಒಂದು ಬಿಳಿ ಹಾಳೆ ಕೊಟ್ಟು, ಬರೆದದ್ದೇನು, ನಿಜವೇನು, ಎರಡನ್ನೂ ಬರೆದು ತಾಯಿಯ ಸಹಿ ಹಾಕಿಸಿಕೊಂಡು ಬಾ ಎಂದರು. ಅವ್ವನಿಗೆ "ಇನ್ನೊಂದು ಸಹಿ ಬೇಕಂತ" ಎಂದಷ್ಟೇ ಹೇಳಿದೆ. ಅವಳು ಏನೂ ಕೇಳದೆ ಕನ್ನಡದಲ್ಲಿ ದುಂಡಗೆ ಸಹಿ ಹಾಕಿದಳು.

ವಿನಾಯಿತಿ ಅರ್ಧಕ್ಕಿಳಿಯಿತು. ಉಳಿದರ್ಧ ಕಾಯುವ ಪಟ್ಟಿಯಲ್ಲಿದ್ದ ಒಬ್ಬ ಹುಡುಗಿಗೆ ಹೋಯಿತು. ಅಂದು ಕಚೇರಿಯಿಂದ ಹೊರಬಂದಾಗ ಎಷ್ಟು ಹಗುರವಾಗಿತ್ತು! ಆದರೆ ಮನೆಯಲ್ಲಿ ಇನ್ನೊಂದು ಸುಳ್ಳು: ಕಾಲೇಜಿನವರು ನಿಯಮ ಬದಲಿಸಿದರು. ಅವ್ವ ಆ ಇಲ್ಲದ ನಿಯಮವನ್ನು ಬೈಯುತ್ತ ಒಂದು ಲಾಡ್ಜಿಗೂ ಊಟ ಕಳಿಸಲು ಒಪ್ಪಿಕೊಂಡಳು. ಮೂರು ವರ್ಷ, ಎರಡು ಹೊತ್ತೂ ಒಲೆಯ ಮುಂದೆ —

ಕಳೆದ ವಾರ ಹೇಳಿದೆ. ಕೇದಾರ ಘಾಟಿನ ಮೆಟ್ಟಿಲ ಮೇಲೆ ಇಬ್ಬರೇ ಕೂತಿದ್ದಾಗ, ಒಂದನ್ನೂ ಬಿಡದೆ. ಅವ್ವ ನನ್ನ ಕಡೆ ತಿರುಗಿದಳು.

"ನನ್ನ ಕೆಲಸ ಹೇಳಾಕ ನಾಚಿಕಿ ಬಂದಿತ್ತೇನು?"

"ಹೂಂ."

"ತಿದ್ದಸಾಕ ಒಬ್ಬಾಕಿನ ಹೋಗಿದ್ದೇನು?"

"ಹೂಂ, ಅವ್ವಾ."

"ಹೇಳಿದ್ರ ನಾನೂ ನಿನ್ನ ಸಂಗಾಟ ಬರ್ತಿದ್ನಲ್ಲ."

ಅಷ್ಟೇ ಅಂದಳು. ನನಗೆ ಅಳು ಬಂತು. ಅಳುತ್ತಲೇ ಎದೆ ಹಗುರವಾಯಿತು. ಸ್ವಲ್ಪ ಹೊತ್ತಿಗೆ ಏಳಲೆಂದು ಅವಳು ಕೈ ಚಾಚಿದಳು. ಈಗ ಅವಳಿಗೆ ಮೊಣಕಾಲು ಸುಲಭಕ್ಕೆ ಮಡಚಲಾಗುವುದಿಲ್ಲ. ಅದರಲ್ಲಿ ಆ ಮೂರು ವರ್ಷಗಳ ಪಾಲೆಷ್ಟೋ — ನಾನು ಕೇಳಲಿಲ್ಲ. ಎಬ್ಬಿಸಿ, ತೋಳು ಹಿಡಿದು, ಮೆಟ್ಟಿಲು ಹತ್ತಿಸಿದೆ.